ಮೊಮ್ಮಗಳ ಓದಿನ ಟಿಪ್ಪಣಿ

ಕಳೆದ ಮಳೆಗಾಲದ ಒಂದು ಸಾಯಂಕಾಲ ನಮ್ಮ ಸೋದರಳಿಯನು ಕೈಯಲ್ಲೊಂದು ಬಟ್ಟೆಯ ಚೀಲ ಹಿಡಿದುಕೊಂಡು ನಮ್ಮಲ್ಲಿಗೆ ಬಂದನು. ಯೋಗಕ್ಷೇಮದ ಮಾತು ಮುಗಿಯುವ ಮೊದಲೇ ಚೀಲವನ್ನು ನಮ್ಮ ಮುಂದಿನ ಮೇಜಿನ ಮೇಲೆ ಬರಿದು ಮಾಡಿದನು. ಏಳೆಂಟು ಇಂಗ್ಲಿಷ್ ಕಾದಂಬರಿಗಳು ಹೊರಬಿದ್ದವು. ಒಂದರ ಮುಖಪುಟದ ಮೇಲೆ ಕಠಾರಿ, ಇನ್ನೊಂದರ ಮೇಲೆ ವಿಷದ ಶೀಷೆ, ಮತ್ತೊಂದರ ಮೇಲೆ ಕಾಲು ಮೇಲಾಗಿ ಬಿದ್ದ ನಾಯಿಯ ಚಿತ್ರ.

"ಮಾಮಾ, ನೀವ ನೋಡ್ರಿ. ನಿಮ್ಮ ಮೊಮ್ಮಗಳು ಫಿಸಿಕ್ಸ್ ಪುಸ್ತಕದ ಹಿಂದ ಇವನ್ನ ಇಟಗೊಂಡು ಓದತಿದ್ದಳು. ಬರೋ ಮಾರ್ಚ್‌ದಾಗ ಪಿ.ಯು. ಪರೀಕ್ಷೆ. ಕೊಲೆ, ವಿಷ, ಕಳವು ಇವನ್ನ ಓದಿ ಏನ ಕಲಿತಾಳ? ನೀವು ಒಂದು ಮಾತು ಹೇಳಿದ್ರ ಕೇಳತಾಳ" ಎಂದನು.

ಇಂಥ ದೂರು ನಮಗೆ ಹೊಸದಲ್ಲ. ಸಭೆ ಸಮಾರಂಭಗಳಲ್ಲಿ, ಮದುವೆ ಮನೆಗಳಲ್ಲಿ ತಂದೆತಾಯಿಗಳು ನಮ್ಮನ್ನು ಕಂಡೊಡನೆ ತೋಡಿಕೊಳ್ಳುವ ಅಳಲು ಇದೇ. ಮಕ್ಕಳು ಓದುವುದಿಲ್ಲವೆಂಬುದು ಕೆಲವರ ಸಂಕಟ. ಓದಬಾರದ್ದನ್ನು ಓದುತ್ತಾರೆಂಬುದು ಉಳಿದವರ ಸಂಕಟ. ಇಂಥವರಿಗೆ ನಾವು ಕೊಡುತ್ತಿದ್ದ ಉತ್ತರವೂ ಸಿದ್ಧವಾಗಿಯೇ ಇರುತ್ತಿತ್ತು. ಸದ್ಗ್ರಂಥಗಳನ್ನು ಓದಿಸಿರಿ, ಉಳಿದವನ್ನು ದೂರವಿಡಿರಿ ಎಂದು ಹೇಳಿ ಕೈತೊಳೆದುಕೊಳ್ಳುತ್ತಿದ್ದೆವು. ಅಂದು ಹಾಗೆ ಹೇಳಲಾಗಲಿಲ್ಲ. ಆ ಪುಸ್ತಕಗಳ ನಡುವೆ ನೂರು ಪುಟದ ಒಂದು ನೋಟುಬುಕ್ಕೂ ಇತ್ತು. ಅದರ ಮೊದಲ ಪುಟದಲ್ಲಿ ಮೊಮ್ಮಗಳ ಕೈಬರಹದಲ್ಲಿ "ಓದುವಾಗ ನನಗೆ ಅನಿಸಿದ್ದು" ಎಂದಿತ್ತು.

ಒಬ್ಬರ ಖಾಸಗಿ ಬರಹವನ್ನು ಅವರ ಅಪ್ಪಣೆಯಿಲ್ಲದೆ ಓದುವುದು ತರವಲ್ಲ. ಆಕೆಗೆ ಹದಿನೇಳು ವರ್ಷವಾದರೂ ಈ ಮಾತು ಸಲ್ಲುತ್ತದೆ. ಅಲ್ಲಿಯೇ ಮನೆಗೆ ಫೋನು ಮಾಡಿಸಿ ಕೇಳಿದೆವು. ಆ ಕಡೆಯಲ್ಲಿ ಕೊಂಚ ಹೊತ್ತು ಮೌನ. ಬಳಿಕ, "ಓದ್ರಿ ಅಜ್ಜಾ. ಆದ್ರ ನಗಬ್ಯಾಡ್ರಿ" ಎಂದಳು. ನಾವು ನಗಲಿಲ್ಲ. ಆ ನೋಟುಬುಕ್ಕು ನಮಗೆ ಕಲಿಸಿದ ಪಾಠವನ್ನು ಆಕೆಯ ಮತ್ತು ಆಕೆಯ ತಂದೆಯ ಒಪ್ಪಿಗೆ ಪಡೆದು ಓದುಗ ಬಂಧುಗಳ ಮುಂದೆ ಇಡುತ್ತಿದ್ದೇವೆ.

ಪಾಠಶಾಲೆಯ ಒಂದು ಮಧ್ಯಾಹ್ನ

ಮೊದಲು ನಮ್ಮದೇ ಒಂದು ತಪ್ಪೊಪ್ಪಿಗೆಯಿಂದ ಆರಂಭಿಸುವುದು ನ್ಯಾಯ.

1970ರ ದಶಕದಲ್ಲಿ ನಾವು ಮಠದ ಸಂಸ್ಕೃತ ಪಾಠಶಾಲೆಯಲ್ಲಿ ವಿದ್ಯಾರ್ಥಿಗಳಾಗಿದ್ದೆವು. ಪ್ರಸಾದ ನಿಲಯದಲ್ಲಿ ಊಟ, ಪಡಸಾಲೆಯಲ್ಲಿ ಪಾಠ, ಅಲ್ಲಿಯೇ ನಿದ್ರೆ. ಅಮರಕೋಶ ಮುಗಿದು ಅನ್ನಂಭಟ್ಟನ ತರ್ಕಸಂಗ್ರಹದ ಪಾಠ ನಡೆದಿದ್ದ ಕಾಲ. ಪೇಟೆಯ ಒಂದು ಸಣ್ಣ ಅಂಗಡಿಯಲ್ಲಿ ಕಾದಂಬರಿಗಳು ದಿನದ ಬಾಡಿಗೆಗೆ ಸಿಗುತ್ತಿದ್ದವು. ಕನ್ನಡದಲ್ಲಿ ಆಗ ಪತ್ತೇದಾರಿ ಕಾದಂಬರಿಗಳ ಸುಗ್ಗಿ. ಶಾಲೆಯ ಕಲಿಕೆ ಅತ್ಯಲ್ಪವಾಗಿದ್ದರೂ ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದ ಎನ್. ನರಸಿಂಹಯ್ಯನವರ ಹೆಸರು ಕೇಳದ ಹುಡುಗನೇ ಇರಲಿಲ್ಲ. ಕನ್ನಡದ ಅರಿಶಿನ ಕುಂಕುಮ ಬಣ್ಣದ ಬಾವುಟವನ್ನು ರೂಪಿಸಿ 1967ರಲ್ಲಿ ತೀರಿಕೊಂಡ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಗಳಿಗೆ ಹೆಸರಾದವರೇ.

ಅಂಥದೊಂದು ಕಾದಂಬರಿಯನ್ನು ತರ್ಕಸಂಗ್ರಹದ ಒಳಗಿಟ್ಟುಕೊಂಡು ಒಂದು ಮಧ್ಯಾಹ್ನ ನಾವು ತಲ್ಲೀನರಾಗಿ ಓದುತ್ತಿರುವಾಗ ಗುರುಗಳು ಬಂದು ಹಿಂದೆ ನಿಂತದ್ದು ತಿಳಿಯಲಿಲ್ಲ. ಪುಸ್ತಕ ಕೈಬಿಟ್ಟು ಎದ್ದು ನಿಂತೆವು. ಗುರುಗಳು ಅದನ್ನೆತ್ತಿಕೊಂಡು ನಾಲ್ಕು ಪುಟ ತಿರುವಿ, "ಕೊಂದವನು ಯಾರು?" ಎಂದು ಕೇಳಿದರು. ಇನ್ನೂ ಕೊನೆಗೆ ಬಂದಿಲ್ಲವೆಂದೆವು. "ಹಾಗಾದರೆ ನಿನ್ನ ಪ್ರತಿಜ್ಞೆ ಏನು, ಹೇತು ಏನು, ಹೇಳು" ಎಂದರು.

ತರ್ಕಶಾಸ್ತ್ರದಲ್ಲಿ ಒಂದು ಮಾತನ್ನು ಸಾಧಿಸಬೇಕಾದರೆ ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನವೆಂಬ ಐದು ಮೆಟ್ಟಿಲುಗಳಿವೆ. ಬೆಟ್ಟದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿಯಿದೆಯೆಂದು ಊಹಿಸುವುದು ಅದರ ಪ್ರಸಿದ್ಧ ದೃಷ್ಟಾಂತ. ಊಹೆಗೆ ಆಧಾರವಾದ ಗುರುತಿಗೆ ನೈಯಾಯಿಕರು 'ಲಿಂಗ'ವೆಂದೇ ಕರೆದಿದ್ದಾರೆ. ನಾವು ನಡುಗುತ್ತಲೇ, "ಮನೆಯ ಗುಮಾಸ್ತನೇ ಕೊಂದವನು, ಏಕೆಂದರೆ ಅವನು ರಾತ್ರಿ ಹೊತ್ತು ಹೊರಗೆ ಹೋಗುತ್ತಾನೆ" ಎಂದೆವು. ಗುರುಗಳು, "ರಾತ್ರಿ ಹೊರಗೆ ತಿರುಗುವವರೆಲ್ಲ ಕೊಲೆಗಾರರಾದರೆ ನಮ್ಮ ಮಠದ ಕಾವಲುಗಾರನೇ ಮೊದಲನೆಯವನು. ಇದು ಸವ್ಯಭಿಚಾರ ಹೇತು. ಇನ್ನೊಮ್ಮೆ ಯೋಚಿಸು" ಎಂದು ಪುಸ್ತಕವನ್ನು ಮರಳಿ ಕೊಟ್ಟರು. ಹೊರಡುವಾಗ ಒಂದು ಮಾತು ಹೇಳಿದರು: "ಯಾವ ಪುಸ್ತಕವೆಂದು ಕೇಳುವುದಿಲ್ಲ. ಓದುವಾಗ ಎಚ್ಚರವಾಗಿದ್ದೆಯೋ, ತೂಕಡಿಸುತ್ತಿದ್ದೆಯೋ, ಅಷ್ಟನ್ನೇ ಕೇಳುತ್ತೇನೆ."

ಹೇತ್ವಾಭಾಸಗಳ ಪಾಠ ಅಂದಿನಿಂದ ನಮಗೆ ಮರೆಯಲಿಲ್ಲ. ಆದರೆ ಗುರುಗಳ ಆ ಕೊನೆಯ ಮಾತನ್ನು ಐವತ್ತು ವರ್ಷಗಳ ಕಾಲ ಮರೆತೇ ಬಿಟ್ಟಿದ್ದೆವು. ಅದನ್ನು ನೆನಪಿಸಿದ್ದು ಈ ಹುಡುಗಿಯ ನೋಟುಬುಕ್ಕು.

ಬೊಗಳದ ನಾಯಿ

ನೋಟುಬುಕ್ಕಿನ ಮೊದಲ ಪುಟಗಳಲ್ಲಿ ಆರ್ಥರ್ ಕಾನನ್ ಡಾಯ್ಲ್‌ರ ಷರ್ಲಾಕ್ ಹೋಮ್ಸ್ ಕಥೆಗಳ ವಿಷಯವಿದೆ. 1892ರಲ್ಲಿ ಪ್ರಕಟವಾದ 'ಸಿಲ್ವರ್ ಬ್ಲೇಜ್' ಎಂಬ ಕಥೆಯಲ್ಲಿ ಒಂದು ಪಂದ್ಯದ ಕುದುರೆ ರಾತ್ರಿಯಲ್ಲಿ ಲಾಯದಿಂದ ಮಾಯವಾಗುತ್ತದೆ. ಅದರ ತರಬೇತುದಾರ ಬಯಲಿನಲ್ಲಿ ಸತ್ತು ಬಿದ್ದಿರುತ್ತಾನೆ. ಪೊಲೀಸರು ಹೆಜ್ಜೆ ಗುರುತು, ಬಟ್ಟೆ, ಕೋಲು ಎಂದು ಇದ್ದ ಗುರುತುಗಳನ್ನೆಲ್ಲ ಹುಡುಕುತ್ತಾರೆ. ಹೋಮ್ಸ್ ಮಾತ್ರ ಇಲ್ಲದ ಗುರುತೊಂದನ್ನು ಹಿಡಿಯುತ್ತಾನೆ. ಲಾಯದಲ್ಲಿ ನಾಯಿಯಿತ್ತು, ಆದರೆ ಅದು ಆ ರಾತ್ರಿ ಬೊಗಳಲಿಲ್ಲ. ಅಂದಮೇಲೆ ಬಂದವನು ನಾಯಿಗೆ ಚೆನ್ನಾಗಿ ಪರಿಚಿತನಾದವನೇ ಇರಬೇಕು.

ಇದನ್ನು ಓದಿ ನಮ್ಮ ಹುಡುಗಿ ಬರೆದಿದ್ದಾಳೆ: "ಹತ್ತು ನಿಮಿಷ ಪುಸ್ತಕ ಮುಚ್ಚಿ ಕೂತೆ. ಆದದ್ದನ್ನು ಎಲ್ಲರೂ ನೋಡುತ್ತಾರೆ. ಆಗದೆ ಹೋದದ್ದನ್ನು ನೋಡುವುದು ಹೇಗೆ?"

ಇದು ಸಾಮಾನ್ಯ ಪ್ರಶ್ನೆಯಲ್ಲ. ನಮ್ಮ ದರ್ಶನಕಾರರು ಶತಮಾನಗಳ ಕಾಲ ಇದೇ ಪ್ರಶ್ನೆಯನ್ನು ಚರ್ಚಿಸಿದ್ದಾರೆ. ಭಾಟ್ಟ ಮೀಮಾಂಸಕರು ಮತ್ತು ಅದ್ವೈತಿಗಳು 'ಅನುಪಲಬ್ಧಿ'ಯನ್ನು ಪ್ರತ್ಯೇಕ ಪ್ರಮಾಣವೆಂದೇ ಒಪ್ಪಿದರು. ನೈಯಾಯಿಕರು ಒಪ್ಪದೆ ಅದನ್ನು ಪ್ರತ್ಯಕ್ಷದಲ್ಲಿಯೇ ಅಡಗಿಸಿದರು. ಒಂದು ವಸ್ತು ಅಲ್ಲಿ ಇದ್ದಿದ್ದರೆ ಕಾಣಿಸಲೇಬೇಕಾಗಿತ್ತು, ಕಾಣಿಸಲಿಲ್ಲ, ಆದ್ದರಿಂದ ಅದು ಇಲ್ಲ ಎಂಬುದು ಇದರ ತಿರುಳು. ಕತ್ತಲೆಯ ಕೋಣೆಯಲ್ಲಿ ಕೊಡ ಕಾಣಿಸಲಿಲ್ಲವೆಂದು ಕೊಡವೇ ಇಲ್ಲವೆನ್ನಲಾಗದು, ಬೆಳಕಿರಬೇಕು. ಹಾಗೆಯೇ ನಾಯಿ ಎಚ್ಚರವಾಗಿದ್ದು, ಬೊಗಳಬಲ್ಲದ್ದಾಗಿದ್ದು, ಬೊಗಳದಿದ್ದರೆ ಮಾತ್ರ ಆ ಮೌನಕ್ಕೆ ಅರ್ಥ ಬರುತ್ತದೆ. ನಾವು ವರ್ಷಗಟ್ಟಲೆ ಗಂಟಲು ಹರಿದುಕೊಂಡು ವಿದ್ಯಾರ್ಥಿಗಳಿಗೆ ಬೋಧಿಸಿದ ವಿಷಯವನ್ನು ಈ ಹುಡುಗಿ ಒಂದು ಕುದುರೆಯ ಕಥೆಯಿಂದ ತಾನಾಗಿ ಕಂಡುಕೊಂಡಿದ್ದಳು.

ಮೋಸವೋ, ಆಟವೋ?

ಮುಂದಿನ ಪುಟಗಳಲ್ಲಿ ಅಗಾಥಾ ಕ್ರಿಸ್ಟಿಯವರ ಸರದಿ. 1890ರಲ್ಲಿ ಜನಿಸಿ 1976ರಲ್ಲಿ ತೀರಿಕೊಂಡ ಈ ಇಂಗ್ಲಿಷ್ ಲೇಖಕಿ 66 ಪತ್ತೇದಾರಿ ಕಾದಂಬರಿಗಳನ್ನು ರಚಿಸಿದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧಾಲಯದಲ್ಲಿ ಸೇವೆ ಸಲ್ಲಿಸಿದ್ದರಿಂದ ವಿಷಗಳ ಗುಣದೋಷಗಳನ್ನು ಚೆನ್ನಾಗಿ ಅರಿತಿದ್ದರು. 1920ರ ಮೊದಲ ಕಾದಂಬರಿಯಲ್ಲಿಯೇ ಆ ತಿಳಿವನ್ನು ಬಳಸಿದರು. ನಮ್ಮ ಹುಡುಗಿಯನ್ನು ಕೆರಳಿಸಿದ್ದು 1926ರ 'ದಿ ಮರ್ಡರ್ ಆಫ್ ರಾಜರ್ ಆಕ್‌ರಾಯ್ಡ್'.

ಅದರ ಗುಟ್ಟನ್ನು ಇಲ್ಲಿ ಒಡೆದು ಮುಂದೆ ಓದುವವರ ಸುಖಕ್ಕೆ ಕಲ್ಲು ಹಾಕೆವು. ಹುಡುಗಿಯ ಟಿಪ್ಪಣಿಗಳನ್ನಷ್ಟೇ ಕಾಣಿಸುತ್ತೇವೆ. ನಡುವಿನ ಒಂದು ಅಧ್ಯಾಯದ ಬಳಿಕ, "ಗೊತ್ತಾಯಿತು! ನೂರಕ್ಕೆ ನೂರು ಇವನೇ" ಎಂದು ಬರೆದು ಒಂದು ಹೆಸರಿನ ಕೆಳಗೆ ಎರಡು ಗೆರೆ ಎಳೆದಿದ್ದಾಳೆ. ಮರುದಿನ ಆ ಹೆಸರನ್ನು ಹೊಡೆದುಹಾಕಿ ಇನ್ನೊಂದನ್ನು ಬರೆದಿದ್ದಾಳೆ. ಕೊನೆಯ ಟಿಪ್ಪಣಿ ಸಿಟ್ಟಿನದು: "ಇದು ಮೋಸ. ಇನ್ನು ಈಕೆಯ ಪುಸ್ತಕ ಮುಟ್ಟುವುದಿಲ್ಲ." ಆದರೆ ನಾಲ್ಕು ದಿನಗಳ ಬಳಿಕ ಮತ್ತೆ ಮೊದಲಿನಿಂದ ಓದಿದ್ದಾಳೆ. ಆಗಿನ ಬರಹ ಹೀಗಿದೆ: "ಮೋಸವಿಲ್ಲ. ಎಲ್ಲಿಯೂ ಸುಳ್ಳು ಹೇಳಿಲ್ಲ, ಬಿಟ್ಟು ಹೇಳಿದ್ದಾರೆ. ನಾನು ಯಾರನ್ನು ಸಂಶಯಿಸಬೇಕೆಂದು ಹುಡುಕಿದೆನೇ ಹೊರತು ಯಾರನ್ನು ಕಾರಣವಿಲ್ಲದೆ ನಂಬಿದ್ದೇನೆಂದು ಕೇಳಿಕೊಳ್ಳಲಿಲ್ಲ."

ಈ ಪುಸ್ತಕ ಹೊರಬಂದ ಕಾಲದಲ್ಲಿಯೂ ಇದೇ ವಾದ ನಡೆದಿತ್ತು. ಲೇಖಕಿ ಓದುಗರಿಗೆ ಅನ್ಯಾಯ ಮಾಡಿದರೆಂದು ಕೆಲವರು ದೂರಿದರು. ಸ್ವತಃ ಪತ್ತೇದಾರಿ ಕಾದಂಬರಿಗಳನ್ನು ಬರೆಯುತ್ತಿದ್ದ ಡರೋತಿ ಸೇಯರ್ಸ್ ಸಮರ್ಥಿಸಿದರು. ಈ ಬಗೆಯ ಬರವಣಿಗೆಗೆ 1929ರಲ್ಲಿ ಹತ್ತು ನಿಯಮಗಳನ್ನು ಬರೆದಿಟ್ಟವರು ರೊನಾಲ್ಡ್ ನಾಕ್ಸ್ ಎಂಬ ಕ್ಯಾಥೊಲಿಕ್ ಪಾದ್ರಿಗಳು ಎಂದರೆ ಓದುಗರಿಗೆ ಆಶ್ಚರ್ಯವಾದೀತು. ಅಪರಾಧಿಯ ಪ್ರವೇಶ ಕಥೆಯ ಮೊದಲ ಭಾಗದಲ್ಲಿಯೇ ಆಗಿರಬೇಕು. ದೆವ್ವಭೂತಗಳ ನೆರವು ಕೂಡದು. ಪತ್ತೇದಾರನಿಗೆ ಸಿಕ್ಕ ಗುರುತುಗಳೆಲ್ಲ ಓದುಗನಿಗೂ ಕಾಣಬೇಕು. ಅದೃಷ್ಟದಿಂದ ಗುಟ್ಟು ಬಯಲಾಗಬಾರದು. ಇವು ಅವುಗಳಲ್ಲಿ ಕೆಲವು. ಮೂಢನಂಬಿಕೆಗೆ ಎಡೆಗೊಡದೆ, ಕಾರಣವಿಲ್ಲದ ಕಾರ್ಯವನ್ನು ಒಪ್ಪದೆ ನಡೆಯಬೇಕೆಂಬ ಈ ಶಿಸ್ತು ಎಳೆಯ ಬುದ್ಧಿಗೆ ಕೆಡುಕನ್ನುಂಟುಮಾಡುವುದೆಂದು ನಮಗೆ ತೋರಲಿಲ್ಲ.

ಕಣ್ಣಿಗೆ ಬೀಳದವರು

ಇನ್ನೊಂದು ಪುಟ ನಮ್ಮನ್ನು ಬಹಳ ಹೊತ್ತು ಹಿಡಿದಿಟ್ಟಿತು. ಜಿ. ಕೆ. ಚೆಸ್ಟರ್‌ಟನ್ ಸೃಷ್ಟಿಸಿದ ಫಾದರ್ ಬ್ರೌನ್ ಎಂಬ ಪಾದ್ರಿ ಪತ್ತೇದಾರನ ಮೊದಲ ಕಥಾಸಂಕಲನ ಬಂದದ್ದು 1911ರಲ್ಲಿ. ಅದರಲ್ಲಿ 'ಕಾಣದ ಮನುಷ್ಯ' ಎಂಬರ್ಥದ ಹೆಸರಿನ ಒಂದು ಸಣ್ಣ ಕಥೆಯಿದೆ. ಸಣ್ಣ ಕಥೆಯಾದ್ದರಿಂದ ಗುಟ್ಟು ಬಿಟ್ಟುಕೊಟ್ಟರೂ ದೊಡ್ಡ ನಷ್ಟವಿಲ್ಲ. ಮನೆಯೊಳಗೆ ಯಾರೂ ಹೋಗಲಿಲ್ಲವೆಂದು ಕಾವಲಿದ್ದವರೆಲ್ಲ ಆಣೆಯಿಟ್ಟು ಹೇಳುತ್ತಾರೆ. ಒಳಗೆ ಕೊಲೆ ನಡೆದಿರುತ್ತದೆ. ಹೋದವನು ಅಂಚೆಯವನು. ಅವನು ಎಲ್ಲರ ಕಣ್ಣೆದುರಿಗೇ ಹೋಗಿದ್ದರೂ ಅವನನ್ನು ಒಬ್ಬ ಮನುಷ್ಯನೆಂದು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಇದರ ಕೆಳಗೆ ಮೂರೇ ಸಾಲುಗಳಿವೆ. "ನಮ್ಮ ಕಾಲೇಜಿನ ವರಾಂಡ ಗುಡಿಸುವ ಅವ್ವನನ್ನು ಒಂದೂವರೆ ವರ್ಷದಿಂದ ದಿನಾ ನೋಡುತ್ತಿದ್ದೇನೆ. ಹೆಸರು ಗೊತ್ತಿರಲಿಲ್ಲ. ಇಂದು ಕೇಳಿದೆ."

ಕಾಯಕದ ಹಿರಿಮೆಯ ಬಗ್ಗೆ ನಾವು ಎಷ್ಟೋ ಉಪನ್ಯಾಸಗಳನ್ನು ಕೊಟ್ಟಿದ್ದೇವೆ, ಎಷ್ಟೋ ಲೇಖನಗಳನ್ನು ಬರೆದಿದ್ದೇವೆ. ಅವನ್ನು ಕೇಳಿ ಮರುದಿನವೇ ಕಸಗುಡಿಸುವವರ ಹೆಸರು ಕೇಳಿದ ಶ್ರೋತೃಗಳು ಎಷ್ಟು ಜನರಿದ್ದಾರೋ ತಿಳಿಯದು. ಆ ಪುಟದ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕುಳಿತೆವು.

ಹರೆಯದವರ ಪುಸ್ತಕಗಳು

ಚೀಲದಲ್ಲಿದ್ದ ಪುಸ್ತಕಗಳಲ್ಲಿ ಎಲ್ಲವೂ ಪತ್ತೇದಾರಿಯಲ್ಲ. ಮಕ್ಕಳೂ ಅಲ್ಲದ, ದೊಡ್ಡವರೂ ಅಲ್ಲದ ವಯಸ್ಸಿನವರಿಗಾಗಿ ಬರೆದ ಕಾದಂಬರಿಗಳಿಗೆ ಇಂಗ್ಲಿಷಿನಲ್ಲಿ 'ಯಂಗ್ ಅಡಲ್ಟ್' ಎಂಬ ಹೆಸರಿನ ಬೇರೆಯೇ ಕಪಾಟು ಇರುತ್ತದೆ. ಈ ಬಗೆಯ ಆಧುನಿಕ ಕಾದಂಬರಿಗಳಿಗೆ ದಾರಿ ಮಾಡಿಕೊಟ್ಟದ್ದೆಂದು ಹೇಳಲಾಗುವ ಪುಸ್ತಕ 1967ರಲ್ಲಿ ಅಮೆರಿಕದಲ್ಲಿ ಪ್ರಕಟವಾದ 'ದಿ ಔಟ್‌ಸೈಡರ್ಸ್'. ಬರೆದವರು ಒಕ್ಲಹೋಮ ರಾಜ್ಯದ ಟಲ್ಸಾ ಪಟ್ಟಣದ ಎಸ್. ಇ. ಹಿಂಟನ್. ಹದಿನೈದನೆಯ ವಯಸ್ಸಿನಲ್ಲಿ ಆರಂಭಿಸಿದ ಪುಸ್ತಕ ಅಚ್ಚಾದಾಗ ಆಕೆಗೆ ಹದಿನೆಂಟು ವರ್ಷ. ಹುಡುಗರ ಹೊಡೆದಾಟದ ಕಥೆಯನ್ನು ಹುಡುಗಿ ಬರೆದಳೆಂದು ವಿಮರ್ಶಕರು ಕಡೆಗಣಿಸಬಾರದೆಂದು ಹೆಸರಿನ ಮೊದಲಕ್ಷರಗಳನ್ನಷ್ಟೇ ಹಾಕಲಾಯಿತು. ಇದನ್ನು ತಿಳಿದು ನಮ್ಮ ಹುಡುಗಿ ಬರೆದದ್ದು: "ಹದಿನಾರು ವರ್ಷದವಳು ಇದನ್ನು ಬರೆದಳೆ? ನಾನು ಹದಿನೇಳಕ್ಕೆ ಏನು ಮಾಡುತ್ತಿದ್ದೇನೆ?"

ಕಥೆ ಹೇಳುವವನು ಪೋನಿಬಾಯ್ ಎಂಬ ಹದಿನಾಲ್ಕರ ಹುಡುಗ. ತಂದೆತಾಯಿ ಅಪಘಾತದಲ್ಲಿ ತೀರಿಕೊಂಡಿದ್ದಾರೆ. ಹಿರಿಯ ಅಣ್ಣ ಡ್ಯಾರಿ ಕಾಲೇಜಿನ ಆಸೆ ಬಿಟ್ಟು, ದುಡಿದು ತಮ್ಮಂದಿರನ್ನು ಸಾಕುತ್ತಾನೆ. ಮಾತೆತ್ತಿದರೆ ಗದರುತ್ತಾನೆ. ಬಡ ಹುಡುಗರ ಗುಂಪಿಗೂ ಸಿರಿವಂತ ಹುಡುಗರ ಗುಂಪಿಗೂ ವೈರ. ಅದರಲ್ಲಿ ಪ್ರಾಣಗಳೂ ಹೋಗುತ್ತವೆ. ನೋಟುಬುಕ್ಕಿನ ಮೊದಲ ಟಿಪ್ಪಣಿಯಲ್ಲಿ "ಡ್ಯಾರಿಯನ್ನು ಕಂಡರೆ ಆಗುವುದಿಲ್ಲ" ಎಂದಿದೆ. ಹತ್ತು ಪುಟಗಳಾಚೆ ಹೀಗಿದೆ: "ಡ್ಯಾರಿ ಬೈಯುವುದು ಪ್ರೀತಿ ಇಲ್ಲದ್ದಕ್ಕಲ್ಲ, ಹೆದರಿಕೆಗೆ. ಇನ್ನೊಬ್ಬರನ್ನು ಕಳೆದುಕೊಂಡೇನು ಎಂಬ ಹೆದರಿಕೆ. ಕಾಕಾ, ಅತ್ತಿಯ ಓದಿಗೆಂದು ಅಪ್ಪ ತನ್ನ ಓದು ಬಿಟ್ಟು ಅಂಗಡಿಯಲ್ಲಿ ಕೂತನಂತೆ. ಅಪ್ಪನೂ ಡ್ಯಾರಿಯ ಹಾಗೆಯೇ ಇರಬಹುದೆ?"

ಈ ಸಾಲನ್ನು ನಾವು ನಮ್ಮ ಸೋದರಳಿಯನಿಗೆ ಗಟ್ಟಿಯಾಗಿ ಓದಿ ಹೇಳಿದೆವು. ಅವನು ಕನ್ನಡಕ ತೆಗೆದು ಒರೆಸಿಕೊಂಡನು. ಮಾತನಾಡಲಿಲ್ಲ.

ನಮ್ಮ ಮನೆಯ ಬೊಗಳದ ನಾಯಿ

ಇಷ್ಟರಲ್ಲಿಯೇ ಮುಗಿದಿದ್ದರೆ ಇದೊಂದು ಸಂತೋಷದ ಲೇಖನವಾಗುತ್ತಿತ್ತು. ಆದರೆ ಕಾಲು ಮೇಲಾದ ನಾಯಿಯ ಚಿತ್ರವಿದ್ದ ಪುಸ್ತಕವೊಂದು ಉಳಿದಿತ್ತು. ಅದು ಮಾರ್ಕ್ ಹ್ಯಾಡನ್ ಎಂಬ ಇಂಗ್ಲಿಷ್ ಲೇಖಕರ, 2003ರಲ್ಲಿ ಪ್ರಕಟವಾದ ಕಾದಂಬರಿ. ಅದರ ಉದ್ದನೆಯ ಹೆಸರೇ ಹೋಮ್ಸ್‌ನ ಆ ಬೊಗಳದ ನಾಯಿಯ ಪ್ರಸಂಗದಿಂದ ಬಂದದ್ದು. ಒಂದೇ ಪುಸ್ತಕವನ್ನು ದೊಡ್ಡವರಿಗೊಂದು, ಮಕ್ಕಳಿಗೊಂದು ಎಂದು ಎರಡು ಬೇರೆ ಬೇರೆ ಮುದ್ರಣಗಳಾಗಿ ಹೊರತಂದರು. ಕ್ರಿಸ್ಟೋಫರ್ ಎಂಬ ಹದಿನೈದರ ಹುಡುಗ ಗಣಿತದಲ್ಲಿ ನಿಪುಣ; ಇತರರ ಮುಖಭಾವ ಅವನಿಗೆ ತಿಳಿಯದು; ಸುಳ್ಳು ಹೇಳಲಾರ. ಅಧ್ಯಾಯಗಳಿಗೆ ಕೂಡ ಅವಿಭಾಜ್ಯ ಸಂಖ್ಯೆಗಳನ್ನೇ ಇಡುತ್ತಾನೆ. ನೆರೆಮನೆಯ ನಾಯಿಯನ್ನು ಯಾರೋ ಕೊಂದದ್ದನ್ನು ಕಂಡು ಹೋಮ್ಸ್‌ನಂತೆ ಪತ್ತೆಗೆ ಹೊರಡುತ್ತಾನೆ. ಕೊನೆಗೆ ಅವನು ಪತ್ತೆ ಹಚ್ಚುವುದು ನಾಯಿಯ ವಿಷಯವನ್ನಷ್ಟೇ ಅಲ್ಲ. ದೊಡ್ಡವರು ತನ್ನ ಮನೆಯೊಳಗೇ ತನ್ನಿಂದ ಮುಚ್ಚಿಟ್ಟಿದ್ದ ಸತ್ಯವನ್ನು.

ಇದರ ಕುರಿತ ಟಿಪ್ಪಣಿಯನ್ನು ಓದುವಾಗ ನಮ್ಮ ಕೈ ನಡುಗಿತು. ಅದನ್ನು ಆಕೆಯ ಮಾತಿನಲ್ಲಿಯೇ ಕೊಡುತ್ತೇವೆ.

"ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆದಾಗ ನಾನು ವಸತಿ ಶಾಲೆಯಲ್ಲಿದ್ದೆ. ಯಾವ ಪರೀಕ್ಷೆಯಾದರೂ ಹಿಂದಿನ ರಾತ್ರಿ ಅಜ್ಜಿ ಫೋನು ಮಾಡಿ 'ಲಿಂಗಪ್ಪಗ ಕೈಮುಗದು ಹೋಗವ್ವ' ಅನ್ನುತ್ತಿದ್ದಳು. ಒಮ್ಮೆಯೂ ತಪ್ಪಿಸಿರಲಿಲ್ಲ. ಆ ಸಲ ಫೋನು ಬರಲಿಲ್ಲ. ಅಜ್ಜಿಗೆ ನೆಗಡಿ, ದನಿ ಕೂತಿದೆ ಎಂದು ಅಪ್ಪ ಹೇಳಿದ. ನಂಬಿದೆ. ಪರೀಕ್ಷೆ ಮುಗಿಸಿ ಮನೆಗೆ ಬಂದಾಗ ಅಜ್ಜಿ ಇರಲಿಲ್ಲ, ಫೋಟೊ ಇತ್ತು. ಅದೇ ನಮ್ಮ ಮನೆಯ ಬೊಗಳದ ನಾಯಿ. ನನಗೆ ಆಗಲೇ ತಿಳಿಯಬೇಕಾಗಿತ್ತು. ಅಜ್ಜಿಯ ಮೇಲೆ ಒಂದು ಹಿಡಿ ಮಣ್ಣು ಹಾಕಲಿಲ್ಲ. 92 ಪರ್ಸೆಂಟ್ ಬಂತು. ಎಲ್ಲರೂ ಪೇಢೆ ಹಂಚಿದರು."

ಆ ಅಜ್ಜಿ ನಮ್ಮ ಅಕ್ಕ. ಬಚ್ಚಲಿನಲ್ಲಿ ಜಾರಿ ಬಿದ್ದು, ಎಂಟು ದಿನ ಆಸ್ಪತ್ರೆಯಲ್ಲಿದ್ದು ಲಿಂಗೈಕ್ಯಳಾದಳು. ಮಗುವಿಗೆ ಇನ್ನೂ ಮೂರು ವಿಷಯಗಳ ಪರೀಕ್ಷೆ ಉಳಿದಿತ್ತು. ಹೇಳಬೇಕೇ, ಬೇಡವೇ ಎಂದು ಮನೆಯವರು ಗೊಂದಲಕ್ಕೀಡಾದಾಗ, "ಈಗ ಹೇಳಿದರೆ ವರ್ಷದ ಶ್ರಮ ನೀರುಪಾಲಾದೀತು. ಪರೀಕ್ಷೆ ಮುಗಿಯಲಿ" ಎಂದು ತೀರ್ಮಾನ ಹೇಳಿದವರು ನಾವೇ. ನಾಲ್ಕು ಶಾಸ್ತ್ರ ಬಲ್ಲವರೆಂದು ಮನೆಯವರು ನಮ್ಮ ಮಾತನ್ನು ಮನ್ನಿಸಿದರು. ಎರಡು ವರ್ಷಗಳಿಂದ ಆ ಹುಡುಗಿ ಯಾರ ಮುಂದೆಯೂ ಈ ವಿಷಯ ಎತ್ತಿರಲಿಲ್ಲ. ಅವಳು ಮರೆತಳೆಂದು ನಾವೆಲ್ಲ ಸಮಾಧಾನ ಪಟ್ಟುಕೊಂಡಿದ್ದೆವು. ಅವಳ ಆ ಮೌನವೂ ಬೊಗಳದ ನಾಯಿಯೇ ಎಂಬುದು ನಮ್ಮ ತರ್ಕಶಾಸ್ತ್ರಕ್ಕೆ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಸೋದರಳಿಯನೊಂದಿಗೆ ಅವನ ಮನೆಗೆ ಹೋದೆವು. ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡು, "ಅಂದು ಮುಚ್ಚಿಡಿರೆಂದು ಹೇಳಿದವರು ನಾವು. ನಿನ್ನ ಅಪ್ಪನಲ್ಲ. ತಪ್ಪು ನಮ್ಮದವ್ವ" ಎಂದೆವು. ಅವಳು ತಲೆಯೆತ್ತಲಿಲ್ಲ. ಬಹಳ ಹೊತ್ತಿನ ಮೇಲೆ, "ಕೊನಿಗೆ ಅಜ್ಜಿ ನನ್ನ ಹೆಸರು ತಗದಳೇನ್ರಿ?" ಎಂದು ಕೇಳಿದಳು.

ಸಿಹಿಯಾದ ಸುಳ್ಳೊಂದು ನಾಲಿಗೆಯ ತುದಿಗೆ ಬಂದಿತ್ತು. ತಡೆದುಕೊಂಡೆವು. ಕೊನೆಯ ಮೂರು ದಿನ ಅಕ್ಕನಿಗೆ ಪ್ರಜ್ಞೆ ಇರಲಿಲ್ಲವೆಂದೂ, ಅದಕ್ಕೂ ಮೊದಲು ಒಮ್ಮೆ ಮಾತ್ರ, "ಕೂಸಿನ ಪರೀಕ್ಷೆ ಎಂದ ಮುಗೀತದ?" ಎಂದು ಕೇಳಿದಳೆಂದೂ ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. ಹುಡುಗಿ ಅತ್ತಳು. ಅವಳ ತಂದೆಯೂ ಅತ್ತನು. ಅಕ್ಕ ಹೋದ ಮೇಲೆ ತಂದೆಮಗಳು ಕೂಡಿ ಅತ್ತದ್ದು ಅದೇ ಮೊದಲು ಎಂದು ಆಮೇಲೆ ಅವಳ ತಾಯಿ ತಿಳಿಸಿದಳು.

ಹಿರಿಯರು ಮಾಡಬೇಕಾದದ್ದು

ಪತ್ತೇದಾರಿ ಪುಸ್ತಕಗಳನ್ನೆಲ್ಲ ಮಕ್ಕಳ ಕೈಗೆ ಸುರಿಯಿರಿ ಎಂದು ನಾವು ಹೇಳುತ್ತಿಲ್ಲ. ಅವುಗಳಲ್ಲಿ ಜೊಳ್ಳು ಬಹಳ. ರಕ್ತವನ್ನೇ ರುಚಿಯೆಂದು ಬಡಿಸುವ ಬರಹಗಳಿವೆ; ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಪ್ರೇಮಕಥೆಗಳಿವೆ. ಓದಿಗೂ ಹೊತ್ತುಗೊತ್ತು ಬೇಕು, ಪರೀಕ್ಷೆಯೂ ಸುಳ್ಳಲ್ಲ. ಈಗ ನಮ್ಮ ಮೊಮ್ಮಗಳು ತಾನೇ ಒಪ್ಪಿಕೊಂಡು, ಮಾರ್ಚ್ ತಿಂಗಳು ಮುಗಿಯುವವರೆಗೆ ಭಾನುವಾರ ಮಾತ್ರ ಕಾದಂಬರಿ ಹಿಡಿಯುತ್ತಾಳೆ. ಪುಸ್ತಕಗಳು ಫಿಸಿಕ್ಸ್‌ನ ಹಿಂದೆ ಅಡಗಿಲ್ಲ, ಪಡಸಾಲೆಯ ಕಪಾಟಿನಲ್ಲಿವೆ.

ಆದರೆ ಪುಸ್ತಕದ ಮುಖಪುಟ ನೋಡಿ ತೀರ್ಪು ಕೊಡುವ ಹಿರಿಯರು ಮಾಡುವುದು ರಾತ್ರಿ ಹೊರಗೆ ಹೋದ ಗುಮಾಸ್ತನನ್ನು ಕೊಲೆಗಾರನೆಂದ ನಮ್ಮ ಅಂದಿನ ತರ್ಕವನ್ನೇ. ಮಗು ಏನು ಓದಿತೆಂಬುದಕ್ಕಿಂತ ಓದುವಾಗ ಮಗುವಿನೊಳಗೆ ಏನಾಯಿತೆಂಬುದು ಮುಖ್ಯ. ಎಲ್ಲಿ ಸಿಟ್ಟು ಬಂತು? ಯಾರನ್ನು ನಂಬಿ ಮೋಸ ಹೋದೆ? ಯಾರ ಮೇಲೆ ಮೊದಲು ಕೋಪವಿದ್ದು ಆಮೇಲೆ ಕನಿಕರ ಹುಟ್ಟಿತು? ಊಟಕ್ಕೆ ಕುಳಿತಾಗ ಇಂಥ ಮೂರು ಪ್ರಶ್ನೆ ಕೇಳಿ ನೋಡಿರಿ. ಉತ್ತರ ಕೇಳುವಾಗ ನಡುವೆ ಬಾಯಿ ಹಾಕಬೇಡಿರಿ. ಸಾಧ್ಯವಾದರೆ ಅದೇ ಪುಸ್ತಕವನ್ನು ನೀವೂ ಓದಿರಿ. ನಾವು ನಿಘಂಟು ಪಕ್ಕಕ್ಕಿಟ್ಟುಕೊಂಡು ಹ್ಯಾಡನ್‌ರ ಕಾದಂಬರಿಯನ್ನು ಹದಿನೇಳು ದಿನಗಳಲ್ಲಿ ಓದಿ ಮುಗಿಸಿದೆವು. "ಅಜ್ಜಾ, ನಾ ಎರಡು ದಿನದಾಗ ಮುಗಿಸಿದ್ದೆ" ಎಂದು ಮೊಮ್ಮಗಳು ನಕ್ಕಳು.

ಕಳೆದ ತಿಂಗಳು ನಾವು ಅವಳಿಗೊಂದು ಕನ್ನಡ ಪುಸ್ತಕ ಕೊಟ್ಟೆವು. 1980ರಲ್ಲಿ ಪ್ರಕಟವಾದ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ'. ಅದರಲ್ಲಿ ಕೊಲೆಯಿಲ್ಲ. ಮಲೆನಾಡಿನ ಕಾಡಿನಲ್ಲಿ ಒಂದು ಹಾರುವ ಓತಿಗಾಗಿ ಹುಡುಕಾಟವಿದೆ. ಕೊನೆಗೆ ಅದು ಕೈಗೆ ಸಿಕ್ಕಂತಾಗಿ ಸಿಗದೆ ಹೋಗುತ್ತದೆ. ಹೋದ ಭಾನುವಾರ ಅವಳು ನೋಟುಬುಕ್ಕನ್ನು ತಾನಾಗಿಯೇ ನಮ್ಮ ಮುಂದೆ ತೆರೆದಿಟ್ಟಳು. "ಓತಿ ಸಿಗಲಿಲ್ಲ. ಆದರೂ ಮೋಸ ಹೋದೆ ಅನಿಸಲಿಲ್ಲ. ಕೆಲವನ್ನು ಪತ್ತೆ ಮಾಡಬೇಕು, ಕೆಲವನ್ನು ನೋಡಿದರೆ ಸಾಕು" ಎಂದು ಬರೆದಿದ್ದಳು. ಅದರ ಕೆಳಗೆ ಅರ್ಧ ಪುಟ ಖಾಲಿ ಬಿಟ್ಟು, "ಅಜ್ಜ ಬರೆಯಬೇಕಾದ ಜಾಗ" ಎಂದು ಗೆರೆ ಹಾಕಿದ್ದಳು.

ಅಲ್ಲಿ ನಾವು ಗುರುಗಳ ಆ ಹಳೆಯ ಮಾತನ್ನು ಬರೆದು, ಕೆಳಗೆ ಅಂದಿನ ತಾರೀಖು ಹಾಕಿದೆವು.